ಹಿಂದಿನ ದಿನದ ಟೋರ್ಟಿಯಾ ಏಕೆ ಬೇಕು

ಶಿಕಾಗೋದ ಪಿಲ್ಸನ್ ಬಡಾವಣೆಯ ಮೆಕ್ಸಿಕನ್ ಹೋಟೆಲುಗಳ ಬೆಳಗಿನ ತಿಂಡಿಯನ್ನು ಕುರಿತು ಬರೆದಿರುವ ಲೇಖಕರು, ಚಿಲಾಕಿಲೆಸ್ (ಮೆಕ್ಕೆಜೋಳದ ತೆಳು ರೊಟ್ಟಿಯಾದ ಟೋರ್ಟಿಯಾದ ತುಂಡುಗಳನ್ನು ಕರಿದು, ಸಾಲ್ಸಾ ಎಂಬ ಖಾರದ ಗೊಜ್ಜಿನಲ್ಲಿ ಹೊರಳಿಸಿದ ತಿಂಡಿ) ಎಂಬುದು ಉಳಿದ ಟೋರ್ಟಿಯಾಗಳನ್ನು ಗಿರಾಕಿಗಳ ತಟ್ಟೆಗೆ ದಾಟಿಸುವ ಉಪಾಯವೆಂದು ಹೇಳಿರುವುದನ್ನು ನಾನು ಒಪ್ಪಲಾರೆ. ಆಗತಾನೇ ಬೆಂದ ಟೋರ್ಟಿಯಾದಲ್ಲಿ ನೀರಿನಂಶ ಹೆಚ್ಚಾಗಿರುವುದರಿಂದ ಅದು ಕರಿಯುವಾಗ ಎಣ್ಣೆ ಕುಡಿಯುತ್ತದೆ, ಸಾಲ್ಸಾ ಬಿದ್ದ ಕೂಡಲೇ ಮುದ್ದೆಯಾಗುತ್ತದೆ. ಒಂದು ದಿನ ಆರಿದ್ದಾದರೆ ಗರಿಗರಿಯಾಗಿ ಕರಿದುಕೊಂಡು, ಹಸಿರು ಟೊಮ್ಯಾಟೊದಂತೆ ಕಾಣುವ ಟೊಮ್ಯಾಟಿಲ್ಲೋ ಕಾಯಿಯ ಹುಳಿಯನ್ನೂ ಹಸಿಮೆಣಸಿನ ಖಾರವನ್ನೂ ಹೀರಿದ ಮೇಲೂ ನಡುವಿನಲ್ಲಿ ಅಗಿಯುವಷ್ಟು ಗಟ್ಟಿಯಾಗಿಯೇ ಉಳಿಯುತ್ತದೆ. ಬಲ್ಲ ಅಡುಗೆಯವರು ತಟ್ಟೆ ಹೊರಡುವ ಮುನ್ನವಷ್ಟೇ ಬಿಸಿ ಸಾಲ್ಸಾದಲ್ಲಿ ತುಂಡುಗಳನ್ನು ಹೊರಳಿಸಿ, ಮೇಲೆ ಕ್ರೆಮಾ ಎಂಬ ಹುಳಿಗೆನೆ, ಪುಡಿಮಾಡಿದ ಬಿಳಿ ಚೀಸ್, ತೆಳ್ಳಗೆ ಹೆಚ್ಚಿದ ಈರುಳ್ಳಿ ಹರಡುತ್ತಾರೆ. ಇಷ್ಟು ಎಚ್ಚರ ಬೇಡುವ ತಿಂಡಿಯನ್ನು ಜುಗ್ಗತನವೆನ್ನುವುದು ಅನ್ಯಾಯ.

‘ಬರೀ ಹೊಟ್ಟೆ ತುಂಬಿಸುವ ಆಹಾರ’ ಎಂಬ ಅವರ ಮಾತೂ ಸರಿಯಲ್ಲ. ಸಾಂಪ್ರದಾಯಿಕ ಟೋರ್ಟಿಯಾಕ್ಕೆ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರಾತ್ರಿಯಿಡೀ ನೆನೆಸುತ್ತಾರೆ. ಇದರಿಂದ ಕಾಳಿನಲ್ಲಿರುವ ನಿಯಾಸಿನ್ ಎಂಬ ಬಿ ಜೀವಸತ್ವ ದೇಹಕ್ಕೆ ದಕ್ಕುತ್ತದೆ, ಕ್ಯಾಲ್ಸಿಯಂ ಕೂಡ ಸೇರುತ್ತದೆ, ಜೊತೆಗಿರುವ ಹುರುಳಿಕಾಯಿ ಬೀಜದ ಪಲ್ಯ ಪ್ರೋಟೀನ್ ಒದಗಿಸುತ್ತದೆ. ಯುನೆಸ್ಕೋ 2010ರಲ್ಲಿ ಸಾಂಪ್ರದಾಯಿಕ ಮೆಕ್ಸಿಕನ್ ಅಡುಗೆಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಸುಣ್ಣದ ಸಂಸ್ಕರಣೆಯನ್ನೂ ಹೆಸರಿಸಿತ್ತು. ದಾಲ್ಚಿನ್ನಿ ಮತ್ತು ಕಬ್ಬಿನ ಬೆಲ್ಲ ಹಾಕಿ ಕುದಿಸುವ ಕಾಫೆ ದೆ ಓಯಾ ಎಂಬ ಮೆಕ್ಸಿಕನ್ ಕಾಫಿಯ ಪ್ರಸ್ತಾಪವೇ ಲೇಖನದಲ್ಲಿ ಇಲ್ಲದಿರುವುದು ನನಗೆ ನಿಜಕ್ಕೂ ಬೇಸರ ತಂದಿದೆ.