ಬಣ್ಣ ಹೊಡೆಸದೆಯೇ ಮಾರುತ್ತೇವೆ

ಅಪ್ಪನ ಫಿಯೆಟ್ ಕಾರನ್ನು ಮಾರುತ್ತಿದ್ದೇವೆ. 1966ರ 1100 ಡಿಲೈಟ್, ಮುಂಬೈ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾದದ್ದು. ವಿಷಯ ಹೇಳಿದ ಕೂಡಲೇ ನೆಂಟರು, ಗೆಳೆಯರು ಎಲ್ಲರದ್ದೂ ಒಂದೇ ಸಲಹೆ. "ಟಿಂಕರಿಂಗ್ ಮಾಡಿಸಿ, ಬಣ್ಣ ಹೊಡೆಸಿ, ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿ. ಆಮೇಲೆ ನೋಡಿ ರೇಟು!" ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೆ ನಾನು ಇದನ್ನು ಒಪ್ಪುವುದಿಲ್ಲ. ನಿಮ್ಮ ಮನೆಯ ಶೆಡ್ಡಿನಲ್ಲೂ ಇಂಥ ಕಾರು ನಿಂತಿದ್ದರೆ ನೀವೂ ಒಪ್ಪಬೇಡಿ.

ನಮ್ಮದು ಮಲೆನಾಡು. ಇಲ್ಲಿ ಹಳೆ ಕಾರಿಗೆ ತುಕ್ಕು ಹಿಡಿಯದೇ ಇರುವುದಿಲ್ಲ. ಕಾಲಡಿಯ ಮ್ಯಾಟ್ ಕೆಳಗಿನ ತಗಡು, ಬಾಗಿಲ ಕೆಳಗಿನ ಅಂಚು, ಡಿಕ್ಕಿಯ ಮೂಲೆ, ಮೊದಲು ಹೋಗುವುದು ಇವೇ. ಮಾರುವುದಕ್ಕಂತಲೇ ಅರ್ಜೆಂಟಲ್ಲಿ ಬಣ್ಣ ಹೊಡೆಸುವಾಗ ಈ ತಗಡನ್ನು ಕತ್ತರಿಸಿ ಹೊಸದು ಹಾಕುವವರು ಕಡಿಮೆ. ತುಕ್ಕಿನ ಮೇಲೆ ಪುಟ್ಟಿ ಮೆತ್ತುತ್ತಾರೆ, ಪುಟ್ಟಿಯ ಮೇಲೆ ಬಣ್ಣ ಬೀಳುತ್ತದೆ. ಒಂದೆರಡು ಮಳೆಗಾಲ ಕಳೆದರೆ ಬಣ್ಣ ಗುಳ್ಳೆ ಏಳುತ್ತದೆ. ಹಳೆ ಕಾರು ಬಲ್ಲವರು ಜೇಬಿನಲ್ಲಿ ಸಣ್ಣದೊಂದು ಮ್ಯಾಗ್ನೆಟ್ ಇಟ್ಟುಕೊಂಡೇ ಬರುತ್ತಾರೆ. ಪುಟ್ಟಿ ದಪ್ಪ ಇರುವ ಕಡೆ ಅದು ಅಂಟುವುದಿಲ್ಲ. ಒಂದು ಕಡೆ ಹೀಗಾದರೆ ಸಾಕು, ಆಮೇಲೆ ಕಾರಿನ ಯಾವ ಭಾಗವನ್ನೂ ಅವರು ನಂಬುವುದಿಲ್ಲ. ನೀವು ಬಣ್ಣಕ್ಕೆ ಸುರಿದ ದುಡ್ಡೂ ಹೋಯಿತು, ಅವರ ನಂಬಿಕೆಯೂ ಹೋಯಿತು. ಹಳೆ ಬಣ್ಣ ಹಾಗೇ ಇದ್ದರೆ ಎಲ್ಲಿ ಕೆಟ್ಟಿದೆ, ಎಲ್ಲಿ ಗಟ್ಟಿ ಇದೆ, ಎರಡೂ ಕಣ್ಣಿಗೆ ಕಾಣುತ್ತವೆ.

ನನಗೆ ದುಡ್ಡಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಡಿಕ್ಕಿ ಮುಚ್ಚಳದ ಒಳಗೆ ಕಾರ್ಖಾನೆಯಲ್ಲಿ ಹೊಡೆದ ಬಣ್ಣ ಇನ್ನೂ ಉಳಿದಿದೆ. ಮುಂದಿನ ಉದ್ದ ಸೀಟಿನ ಹೊಲಿಗೆ, ವೈರುಗಳ ಬಣ್ಣ, ಸ್ಟೀರಿಂಗ್ ಪಕ್ಕದ ಗೇರ್ ಕಡ್ಡಿಯ ಗುಂಡಿ, ಎಲ್ಲವೂ ಮೊದಲಿನವೇ. ಮುಂದೆ ಯಾರೋ ಇನ್ನೊಂದು ಡಿಲೈಟ್ ಕಾರನ್ನು ಸರಿಯಾಗಿ ರಿಪೇರಿ ಮಾಡಬೇಕೆಂದರೆ ಇಂಥ ಮುಟ್ಟದ ಕಾರನ್ನೇ ನೋಡಿ ಕಲಿಯಬೇಕು. ಇದನ್ನು ಕೆರೆದು ತೆಗೆದ ಮೇಲೆ ಎಷ್ಟು ಖರ್ಚು ಮಾಡಿದರೂ ವಾಪಸ್ ತರಲು ಆಗಲ್ಲ.

ಇದು ನನ್ನೊಬ್ಬನ ಹುಚ್ಚಲ್ಲ. ಫ್ರಾನ್ಸಿನಲ್ಲಿ ರೋಜೆ ಬೈಯೋ ಎಂಬ ಸಾರಿಗೆ ಉದ್ಯಮಿ ಕೂಡಿಹಾಕಿದ್ದ ಸುಮಾರು 60 ಕಾರುಗಳು ದಶಕಗಳ ಕಾಲ ಶೆಡ್ಡುಗಳಲ್ಲಿ ಹಾಗೇ ಬಿದ್ದಿದ್ದವು. 2015ರಲ್ಲಿ ಪ್ಯಾರಿಸ್‌ನಲ್ಲಿ ಅವನ್ನು ಇದ್ದ ಸ್ಥಿತಿಯಲ್ಲೇ ಹರಾಜಿಗಿಟ್ಟರು. ಹಳೆ ಪತ್ರಿಕೆಗಳ ರಾಶಿಯ ಅಡಿ ಸಿಕ್ಕ ಒಂದು ಫೆರಾರಿ ಕ್ಯಾಲಿಫೋರ್ನಿಯಾ ಸ್ಪೈಡರ್ 1 ಕೋಟಿ 63 ಲಕ್ಷ ಯೂರೋಗೆ ಹೋಯಿತು. ಅಮೆರಿಕದ ಪೆಬಲ್ ಬೀಚ್‌ನ ಹಳೆ ಕಾರುಗಳ ಪ್ರದರ್ಶನದಲ್ಲಿ ಮೊದಲ ಬಹುಮಾನ ಯಾವಾಗಲೂ ಫಳಫಳ ಹೊಳೆಯುವ ಕಾರಿಗೇ ಹೋಗುತ್ತಿತ್ತು. 2024ರಲ್ಲಿ ಅದು ಮೊದಲ ಬಾರಿಗೆ ಹಳೆ ರೂಪ ಉಳಿಸಿಕೊಂಡ ಕಾರಿಗೆ ಬಂತು. 1934ರ ಬುಗಾಟಿ ಟೈಪ್ 59 ಅದು. ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು.

ಹಾಗಂತ ನಮ್ಮ ಫಿಯೆಟ್ ಫೆರಾರಿ ಆಗುವುದಿಲ್ಲ. ಅಂಥ ಸುದ್ದಿ ಓದಿ ಮನಸ್ಸಿಗೆ ಬಂದ ಬೆಲೆ ಹೇಳುವುದು ತಪ್ಪು. ಇನ್ನು ಕೆಲವರು "ಶೆಡ್ಡಿನಲ್ಲಿ ಸಿಕ್ಕಿದ್ದು" ಅಂತ ತೋರಿಸಲು ಧೂಳನ್ನೂ ಒರೆಸದೆ ಫೋಟೋ ಹಾಕುತ್ತಾರೆ. ಅದೂ ಬೇಡ. ಧೂಳಿಗೆ ಬೆಲೆ ಇಲ್ಲ, ಅದು ತೇವ ಹಿಡಿದಿಟ್ಟು ತುಕ್ಕು ಹೆಚ್ಚಿಸುತ್ತದೆ ಅಷ್ಟೇ. ಮೆತ್ತಗಿನ ಬಟ್ಟೆಯಲ್ಲಿ ನಿಧಾನವಾಗಿ ಒರೆಸಿ. ಕೆಟ್ಟಿರುವ ಜಾಗದ ಫೋಟೋ ಮೊದಲು ಹಾಕಿ.

ಇನ್ನೊಂದು ಮಾತು. ಬಹಳ ವರ್ಷ ನಿಂತ ಕಾರಿಗೆ ಹೊಸ ಬ್ಯಾಟರಿ ಹಾಕಿ, ಸೆಲ್ಫ್ ಹೊಡೆದು ವಿಡಿಯೋ ಮಾಡುವ ಆಸೆಯನ್ನು ದಯವಿಟ್ಟು ಬಿಡಿ. ಹಳೆ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರ್ ಕಟ್ಟಿರುತ್ತದೆ. ಪಿಸ್ಟನ್ ರಿಂಗು ಸಿಲಿಂಡರಿಗೆ ಹಿಡಿದುಕೊಂಡಿರಬಹುದು, ಇಲಿ ವೈರ್ ಕಡಿದಿರಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಸ್ವಲ್ಪ ಎಣ್ಣೆ ಹಾಕಿ, ಕೆಲವು ದಿನ ಕಾದು, ಕೈಯಿಂದ ಎಂಜಿನ್ ತಿರುಗುತ್ತದಾ ನೋಡಬೇಕು. ತಿರುಗಿದರೆ ಅಷ್ಟನ್ನು ಹೇಳಿ. "ಎಂಜಿನ್ ಜಾಮ್ ಆಗಿಲ್ಲ" ಎಂಬ ಒಂದು ನಿಜವಾದ ಮಾತು ಖರೀದಿಸುವವರಿಗೆ ಸಾಕು.

ನನಗೆ ಸಿಟ್ಟು ಬರುವುದು ದಾಖಲೆ ವಿಷಯದಲ್ಲಿ. "ಸ್ಕ್ರ್ಯಾಪ್ ಕಾನೂನು ಬಂದಿದೆ, ಇದನ್ನು ಇಟ್ಟುಕೊಳ್ಳುವಂತಿಲ್ಲ, ತೂಕಕ್ಕೆ ಕೊಟ್ಟುಬಿಡಿ" ಎಂದು ಒಬ್ಬ ದಲ್ಲಾಳಿ ನನ್ನ ಅಮ್ಮನನ್ನೇ ಹೆದರಿಸಲು ನೋಡಿದ. ಇದು ಸುಳ್ಳು. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ಅಂತಲೇ ನಿಯಮ ತಂದಿದೆ. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷ ನಡೆಯುತ್ತದೆ. ಆದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೂಲ ರೂಪಕ್ಕೆ ಕಾನೂನೇ ಬೆಲೆ ಕೊಡುತ್ತಿರುವಾಗ ನಾವ್ಯಾಕೆ ಅದನ್ನು ಅಳಿಸಬೇಕು?

ಹಾಗಾಗಿ ಬಣ್ಣಕ್ಕೆ ಹಾಕುವ ದುಡ್ಡು, ಸಮಯ ಎರಡನ್ನೂ ಕಾಗದಪತ್ರಕ್ಕೆ ಹಾಕಿ. ಆರ್‌ಸಿ ಪುಸ್ತಕ ಹುಡುಕಿ. ಅದರಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಕಾರಿನ ಮೇಲಿರುವುದಕ್ಕೆ ಹೊಂದುತ್ತವಾ ನೋಡಿ. ಮಾಲೀಕರು ತೀರಿಕೊಂಡಿದ್ದರೆ ಮೊದಲು ಆರ್‌ಟಿಒಗೆ ಫಾರಂ 31 ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ, ಆಮೇಲೆ ಮಾರಾಟಕ್ಕೆ ಫಾರಂ 29 ಮತ್ತು 30. ಹಳೆ ಟ್ಯಾಕ್ಸ್ ಕಾರ್ಡು, ಇನ್ಶೂರೆನ್ಸ್ ಚೀಟಿ, ಗ್ಯಾರೇಜ್ ಬಿಲ್ಲು ಒಂದನ್ನೂ ಬಿಸಾಡಬೇಡಿ. ನಮ್ಮ ಕಾರಿನ ನಂಬರ್ ಎಂವೈ ಅಂತ ಶುರುವಾಗುತ್ತದೆ. ನಮ್ಮ ರಾಜ್ಯವನ್ನು ಇನ್ನೂ ಮೈಸೂರು ಎಂದು ಕರೆಯುತ್ತಿದ್ದ ಕಾಲದ ನಂಬರ್ ಅದು, ಕಾರಿನ ಜೊತೆಗೇ ಹೋಗಬೇಕು.

ಗ್ರಿಲ್ ಮಾತ್ರ ಕೊಡಿ, ಲೈಟು ಮಾತ್ರ ಕೊಡಿ ಅಂತ ಈಗಾಗಲೇ ಕೇಳಿದ್ದಾರೆ. ಬಿಡಿಬಿಡಿಯಾಗಿ ಕೊಟ್ಟರೆ ಒಟ್ಟು ಜಾಸ್ತಿ ದುಡ್ಡು ಬರಬಹುದು. ಆದರೂ ಕೊಡುವುದಿಲ್ಲ. ಇಡೀ ಕಾರು ಬೇಕಾದವರು ಹಗಲು ಹೊತ್ತಿನಲ್ಲಿ ಬನ್ನಿ, ಮ್ಯಾಗ್ನೆಟ್ ತನ್ನಿ, ಕಾರಿನ ಕೆಳಗೆ ಮಲಗಿ ನೋಡಿ. ಗೊತ್ತಿರುವ ಮೆಕ್ಯಾನಿಕ್ಕನ್ನೂ ಕರೆತನ್ನಿ. ಅಡಿಯ ತಗಡು ಎಡಗಡೆ ತುಕ್ಕು ಹಿಡಿದು ಹೋಗಿದೆ, ಅದನ್ನು ನಾನೇ ಮೊದಲು ತೋರಿಸುತ್ತೇನೆ.