ಶೇರ್ ಮಾಡಿದ ಮೇಲೆ ಏನಾಯ್ತು?

ಎಲ್ಲಾದರೂ ಪ್ರವಾಹವೋ ಭೂಕಂಪವೋ ಆದರೆ ಸಾಕು, ಫೋನ್ ತುಂಬಾ ಒಂದೇ ಥರದ ಮೆಸೇಜ್. 'ಅರ್ಜೆಂಟ್! ಮಹಡಿ ಮೇಲೆ ಆರು ಜನ ಸಿಕ್ಕಿಹಾಕಿಕೊಂಡಿದ್ದಾರೆ, ದಯವಿಟ್ಟು ಶೇರ್ ಮಾಡಿ.' ತಾರೀಕಿಲ್ಲ, ಹೊತ್ತಿಲ್ಲ, ಬರೆದದ್ದು ಯಾರು ಅಂತಲೂ ಇಲ್ಲ. ಆ ಆರು ಜನ ಬೆಳಿಗ್ಗೆಯೇ ಸುರಕ್ಷಿತವಾಗಿ ಹೊರಬಂದಿರಬಹುದು. ಮೆಸೇಜ್ ಮಾತ್ರ ಮಾರನೇ ದಿನವೂ ಓಡಾಡುತ್ತಿರುತ್ತದೆ. ಅದನ್ನು ನಂಬಿ ಹೊರಟ ದೋಣಿ ಖಾಲಿ ಮನೆಗೆ ಹೋಗಿ ಬರುತ್ತದೆ. ಅಷ್ಟು ಹೊತ್ತು ನಿಜವಾಗಿ ಕಷ್ಟದಲ್ಲಿರುವವರು ಕಾಯಬೇಕು.

ಪರಿಹಾರ ಕೆಲಸ ಮಾಡುವ ಸೇವಾ ಸಂಸ್ಥೆಗಳು ತಂತ್ರಜ್ಞಾನಕ್ಕೆ ಅಂತ ದುಡ್ಡು ಎತ್ತಿಡುವಾಗ ಮೊದಲು ಯೋಚಿಸಬೇಕಾದ್ದು ಇದನ್ನೇ. ಹೊಸ ಆ್ಯಪ್ ಆಮೇಲೆ ಮಾಡಿಸಿಕೊಳ್ಳಲಿ. ಬಂದ ಮೆಸೇಜ್ ಓದಿ, ತಿರುಗಿ ಫೋನ್ ಮಾಡಿ, ನಿಜವಾ ಅಂತ ಕೇಳಿ, ಸಹಾಯ ಸಿಕ್ಕ ಮೇಲೆ 'ಮುಗಿಯಿತು' ಅಂತ ಗುರುತು ಹಾಕುವ ಜನ ಮೊದಲು ಬೇಕು.

2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ 4636 ಅನ್ನೋ ನಂಬರಿಗೆ ಜನ ಫ್ರೀಯಾಗಿ ಎಸ್ಸೆಮ್ಮೆಸ್ ಕಳಿಸುವ ವ್ಯವಸ್ಥೆ ಆಯಿತು. ಬಂದದ್ದು ಹೆಚ್ಚಾಗಿ ಹೈಟಿಯನ್ ಕ್ರಿಯೋಲ್ ಭಾಷೆಯಲ್ಲಿ. ಹೊರಗಿನಿಂದ ಹೋದ ತಂಡಗಳಿಗೆ ಆ ಭಾಷೆ ಎಲ್ಲಿಂದ ಬರಬೇಕು? ಬೇರೆ ದೇಶಗಳಲ್ಲಿದ್ದ ಹೈಟಿಯವರೇ ಕಂಪ್ಯೂಟರ್ ಮುಂದೆ ಕೂತು ಅನುವಾದ ಮಾಡಿದರು. ಊರು ಗೊತ್ತಿದ್ದವರು ಜಾಗ ಎಲ್ಲಿ ಅಂತ ಗುರುತಿಸಿಕೊಟ್ಟರು. ಇನ್ನೊಂದು ಕಡೆ, ಯಾರು ಬೇಕಾದರೂ ಸೇರಿ ತುಂಬಿಸಬಹುದಾದ ಆನ್‌ಲೈನ್ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿಕೊಂಡು ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ರಸ್ತೆಗಳನ್ನು ಒಂದೊಂದಾಗಿ ನಕ್ಷೆಗೆ ಹಾಕಿದರು. ನಂಬರ್, ಸಾಫ್ಟ್‌ವೇರ್ ಎಲ್ಲಾ ಇತ್ತು ನಿಜ. ಆದರೆ ಕೆಲಸ ಆದದ್ದು ಭಾಷೆ ಬಲ್ಲ, ಊರು ಬಲ್ಲ ಈ ಜನರಿಂದ.

ದುಡ್ಡು ಕೂಡಿಸುವುದು ಈಗ ಅಷ್ಟೇನೂ ಕಷ್ಟವಲ್ಲ. ಅದೇ ಭೂಕಂಪದ ಹೊತ್ತಿನಲ್ಲಿ ಅಮೆರಿಕನ್ ರೆಡ್ ಕ್ರಾಸ್ ಒಂದು ಎಸ್ಸೆಮ್ಮೆಸ್‌ಗೆ 10 ಡಾಲರ್‌ನಂತೆ 3 ಕೋಟಿ ಡಾಲರಿಗೂ ಜಾಸ್ತಿ ಸಂಗ್ರಹಿಸಿತು. ಕಷ್ಟ ಇರುವುದು ಇಂಥ ಜನರನ್ನು ಮೊದಲೇ ಸಿದ್ಧ ಮಾಡಿಡಲು ದುಡ್ಡು ಎತ್ತಿಡುವುದರಲ್ಲಿ.

ನೇಪಾಳದ್ದು ನನಗೆ ಇನ್ನೂ ಇಷ್ಟವಾಗುವ ಉದಾಹರಣೆ. ಕಾಠ್ಮಂಡು ಲಿವಿಂಗ್ ಲ್ಯಾಬ್ಸ್ ಅನ್ನೋ ಸಣ್ಣ ಸಂಸ್ಥೆಯವರು 2015ರ ಏಪ್ರಿಲ್ ಭೂಕಂಪಕ್ಕೆ ಮುಂಚಿನಿಂದಲೇ ನಕ್ಷೆ ಮಾಡುತ್ತಾ ಬಂದಿದ್ದರು. ಭೂಕಂಪವಾದ ತಕ್ಷಣ ಜನ ತಮ್ಮ ಕಷ್ಟ ತಿಳಿಸಲು ಒಂದು ಆನ್‌ಲೈನ್ ನಕ್ಷೆ ತೆರೆದರು. ಬಂದ ವರದಿಗಳನ್ನು ಫೋನ್ ಮಾಡಿ ಖಚಿತ ಮಾಡಿಕೊಳ್ಳುತ್ತಿದ್ದರು. ಆ ಸಿದ್ಧತೆ ಯಾವ ಪೋಸ್ಟರಿನಲ್ಲೂ ಕಾಣುವಂಥದ್ದಲ್ಲ. ದಾನಿಗಳೂ ಅಂಥ ಕೆಲಸಕ್ಕೆ ಸುಲಭಕ್ಕೆ ಕೈ ಬಿಚ್ಚುವುದಿಲ್ಲ. ಬಿಚ್ಚಬೇಕು.

ನೆಟ್‌ವರ್ಕ್ ಇದ್ದೇ ಇರುತ್ತದೆ ಅಂತ ನಂಬಿ ಕೂರುವುದೂ ತಪ್ಪು. 2023ರ ಫೆಬ್ರವರಿಯಲ್ಲಿ ಟರ್ಕಿಯ ಭೂಕಂಪದಲ್ಲಿ ಅವಶೇಷಗಳ ಕೆಳಗಿದ್ದವರು ಟ್ವಿಟರ್‌ನಲ್ಲಿ ವಿಳಾಸ ಹಾಕಿ ಸಹಾಯ ಕೇಳುತ್ತಿದ್ದರು. ಅಂಥ ಹೊತ್ತಿನಲ್ಲೇ ಅಲ್ಲಿ ಕೆಲವು ಗಂಟೆ ಟ್ವಿಟರ್‌ಗೆ ತಡೆ ಬಿತ್ತು. ರೇಡಿಯೊ, ಕಾಗದದ ಪಟ್ಟಿ, ನಡೆದುಹೋಗಿ ವಿಚಾರಿಸುವ ಸ್ವಯಂಸೇವಕ, ಇವೆಲ್ಲ ಈಗಲೂ ಬೇಕು.

ಇನ್ನೊಂದು ಮಾತು. ಕಂಬಳಿ ತೆಗೆದುಕೊಳ್ಳುತ್ತಿರುವ ಅಜ್ಜಿಯ ಮುಖ ಕ್ಯಾಮೆರಾ ಕಡೆ ತಿರುಗಿಸಿ ಫೋಟೊ ಹಾಕುತ್ತಾರಲ್ಲ, ಅದು ನಿಲ್ಲಬೇಕು. ದಾನಿಗಳಿಗೆ ಲೆಕ್ಕ ಬೇಕು ಅಂದರೆ ಎಷ್ಟು ಕೋರಿಕೆ ಬಂತು, ಎಷ್ಟು ಮುಗಿಯಿತು, ಎಷ್ಟು ಉಳಿಯಿತು ಅಂತ ದಿನವೂ ಹಾಕಲಿ. ಸಹಾಯ ಸಿಕ್ಕ ಮೇಲೆ ಆ ಮನೆಯವರ ಫೋನ್ ನಂಬರ್, ವಿಳಾಸ ಇರುವ ಪೋಸ್ಟ್ ತೆಗೆದುಹಾಕುವ ಹೊಣೆಯನ್ನು ಒಬ್ಬರಿಗೆ ಹೆಸರು ಹಿಡಿದು ಒಪ್ಪಿಸಲಿ. ಶೇರ್ ಮಾಡಿದ ನಾವೂ ನಮ್ಮ ಗೋಡೆಯಿಂದ ಅದನ್ನು ತೆಗೆಯೋಣ.