ಸತ್ಯಾಂಶ: ಸಾಕಿದ ಹೆಬ್ಬಾವು ಒಡತಿಯ ಅಳತೆ ತೆಗೆಯುತ್ತಿತ್ತೇ?

ಹೆಬ್ಬಾವು ಊಟ ಬಿಟ್ಟು ಒಡತಿಯ ಪಕ್ಕ ಉದ್ದಕ್ಕೆ ಮಲಗುತ್ತಿತ್ತಂತೆ, ಅವಳನ್ನು ನುಂಗೋಕೆ ಅಳತೆ ತೆಗೀತಿತ್ತಂತೆ. ಈ ವಾಟ್ಸಾಪ್ ಕಥೆ ಸುಳ್ಳು. ಹೆಬ್ಬಾವು ಹೊಂಚು ಹಾಕಿ ಹಿಡಿಯುತ್ತದೆ, ಅಳೆಯುವುದಿಲ್ಲ.

ಜನ ಜಾಸ್ತಿ ಸಾಕುವ ಆಫ್ರಿಕಾದ ಬಾಲ್ ಪೈಥಾನ್ ಎಂಬ ಹೆಬ್ಬಾವು ಬೆಳೆದರೂ 3ರಿಂದ 5 ಅಡಿ, ಅಷ್ಟೇ. ಹೊಸ ಮನೆಗೆ ಬಂದ ಮರಿ ಊಟ ಬಿಡುವುದು ಹೆಚ್ಚಾಗಿ ಹೆದರಿಕೆಯಿಂದ. ಪಾಪ, ಅದನ್ನು ಪದೇ ಪದೇ ಎತ್ತಬೇಡಿ. ಒಂದು ವಾರ ಸುಮ್ನೆ ಬಿಡಿ. ಸುತ್ತಿಕೊಂಡು ಕೂತರೆ ಮೈಗೆ ತಾಗುವಷ್ಟು ಇಕ್ಕಟ್ಟಾದ, ಅಡಗಿಕೊಳ್ಳುವ ಗೂಡನ್ನು ಅದರ ಪೆಟ್ಟಿಗೆಯೊಳಗೆ ಇಡಿ. ಪೆಟ್ಟಿಗೆಯ ಒಂದು ಬದಿ 31–32 ಡಿಗ್ರಿ ಬೆಚ್ಚಗಿರಲಿ.

ಆಮೇಲೆ ಸಂಜೆ ಹೊತ್ತು, ಅದರ ಮೈಯಷ್ಟೇ ದಪ್ಪದ, ಫ್ರೀಜರ್‌ನಿಂದ ತೆಗೆದು ಬೆಚ್ಚಗೆ ಮಾಡಿದ ಇಲಿಯನ್ನು ಇಕ್ಕಳದಲ್ಲಿ ಹಿಡಿದು ತೋರಿಸಿ. ನಾಲಿಗೆ ಆಡಿಸುತ್ತಾ ನಿಧಾನಕ್ಕೆ ಹತ್ತಿರ ಬಂದರೆ ಹಸಿದಿದೆ ಎಂದರ್ಥ. ತಿನ್ನದಿದ್ದರೆ ವಾರ ಬಿಟ್ಟು ಮತ್ತೆ ಕೊಡಿ. ತೂಕ ಇಳಿಯುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ.